ಹೊರದೇಶದಲ್ಲಿ ಓದಿದ ಮಕ್ಕಳಿಗೆ ಸಿಇಟಿ, ನೀಟ್: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕುಟುಂಬಗಳು ತಿಳಿದಿರಬೇಕಾದದ್ದು

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಿಗೆ ಜೈನ ಇತಿಹಾಸದಲ್ಲಿ ಹಳೆಯ ಸ್ಥಾನವಿದೆ. ಬಿಳಿಕೆರೆ ಬಳಿಯ ಗೊಮ್ಮಟಗಿರಿ, ಕೆ.ಆರ್. ನಗರದ ಕಡೆಯ ಚಿಕ್ಕಹನಸೋಗೆಯ ಬಸದಿ, ಸಾಲಿಗ್ರಾಮದ ಶ್ರಾವಕರ ಮನೆಗಳು ಸಮಾಜ ಬಾಂಧವರಿಗೆ ಪರಿಚಿತವೇ. ಈ ಊರುಗಳಿಂದ ಮೈಸೂರು, ಬೆಂಗಳೂರಿಗೆ ಹೋಗಿ, ಅಲ್ಲಿಂದ ಮಸ್ಕತ್, ದುಬೈ, ಅಮೆರಿಕಕ್ಕೆ ಉದ್ಯೋಗಕ್ಕೆ ತೆರಳಿದವರ ಮಕ್ಕಳು ಈಗ ಪಿಯುಸಿ ವಯಸ್ಸಿಗೆ ಬರುತ್ತಿದ್ದಾರೆ. ಮಸ್ತಕಾಭಿಷೇಕಕ್ಕೋ ಮದುವೆಗೋ ರಜೆ ಹಾಕಿ ಊರಿಗೆ ಬಂದಾಗ ಮನೆಯ ಹಿರಿಯರು ಕೇಳುವ ಪ್ರಶ್ನೆ ಒಂದೇ: ‘ಮಗು ಅಲ್ಲಿ ಓದಿದೆಯಲ್ಲ, ಇಲ್ಲಿ ಸಿಇಟಿ ಬರೆಯಬಹುದಾ? ಸೀಟು ಸಿಗುತ್ತಾ?’

ಈ ಪ್ರಶ್ನೆಯೊಳಗೆ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಹೊರದೇಶದ ಸರ್ಟಿಫಿಕೇಟು ನಮ್ಮ ದ್ವಿತೀಯ ಪಿಯುಸಿಗೆ ಸಮ ಎಂದು ಒಪ್ಪುತ್ತಾರೆಯೇ ಎಂಬುದು ಒಂದು. ಮಗು ಕರ್ನಾಟಕದಲ್ಲಿ ಎಷ್ಟು ವರ್ಷ ಓದಿದೆ ಎಂಬುದು ಇನ್ನೊಂದು. ಪೋಷಕರ ಚಿಂತೆಯೆಲ್ಲ ಮೊದಲನೆಯದರ ಮೇಲೆಯೇ ಇರುತ್ತದೆ. ಆದರೆ ಸರ್ಟಿಫಿಕೇಟಿನ ತೊಡಕನ್ನು ಸ್ವಲ್ಪ ಓಡಾಟ, ಸ್ವಲ್ಪ ಶುಲ್ಕದಿಂದ ಬಗೆಹರಿಸಬಹುದು. ವರ್ಷಗಳ ಲೆಕ್ಕ ತಪ್ಪಿದರೆ ಯಾವ ಕಚೇರಿಗೆ ಹೋದರೂ ಸರಿಪಡಿಸಲು ಬರುವುದಿಲ್ಲ. ಸರ್ಕಾರಿ ಕೋಟಾದ ಸೀಟು ಕೈತಪ್ಪುವುದು ಹೆಚ್ಚಾಗಿ ಈ ಎರಡನೆಯದರಿಂದ.

ಏಳು ವರ್ಷದ ಲೆಕ್ಕ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಿಇಟಿಯ ಮೂಲಕ ಸರ್ಕಾರಿ ಕೋಟಾದ ಎಂಜಿನಿಯರಿಂಗ್ ಸೀಟು ಬೇಕಾದರೆ ಅಭ್ಯರ್ಥಿ ಅರ್ಹತಾ ಕಂಡಿಕೆಗಳಲ್ಲಿ ಯಾವುದಾದರೂ ಒಂದಕ್ಕೆ ಒಳಪಡಬೇಕು. ಬಹುತೇಕ ಮಕ್ಕಳು ಬರುವುದು ‘ಎ’ ಕಂಡಿಕೆಯಲ್ಲಿ. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಹನ್ನೆರಡು ವರ್ಷಗಳಲ್ಲಿ ಕನಿಷ್ಠ 7 ಶೈಕ್ಷಣಿಕ ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆ, ಕಾಲೇಜಿನಲ್ಲಿ ಓದಿರಬೇಕು. ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ (ಅಥವಾ ಅವಕ್ಕೆ ಸಮನಾದ 10, 12ನೇ ತರಗತಿ) ಇವೆರಡರಲ್ಲಿ ಒಂದನ್ನಾದರೂ ಕರ್ನಾಟಕದಲ್ಲಿ ಪಾಸು ಮಾಡಿರಬೇಕು. ಎಲ್‌ಕೆಜಿ, ಯುಕೆಜಿ ಲೆಕ್ಕಕ್ಕಿಲ್ಲ. ಒಂದೇ ತರಗತಿಯಲ್ಲಿ ಎರಡು ವರ್ಷ ಕುಳಿತರೂ ಒಂದೇ ವರ್ಷವೆಂದು ಎಣಿಸುತ್ತಾರೆ.

ಕೆಲವು ಉದಾಹರಣೆ ನೋಡಿದರೆ ಸ್ಪಷ್ಟವಾಗುತ್ತದೆ. ಹುಣಸೂರಿನಲ್ಲಿ ಒಂದರಿಂದ ಐದನೇ ತರಗತಿವರೆಗೆ ಓದಿದ ಹುಡುಗಿ ತಂದೆಯ ಕೆಲಸಕ್ಕಾಗಿ ಮಸ್ಕತ್‌ಗೆ ಹೋಗಿ ಅಲ್ಲಿ ಆರರಿಂದ ಹತ್ತು ಮುಗಿಸಿ, ಮೈಸೂರಿಗೆ ಬಂದು ಪಿಯುಸಿ ಸೇರಿದಳು ಎನ್ನೋಣ. ಐದು ಮತ್ತು ಎರಡು, ಏಳು ವರ್ಷ ಆಯಿತು. ದ್ವಿತೀಯ ಪಿಯುಸಿ ಕರ್ನಾಟಕದಲ್ಲೇ ಪಾಸಾದರೆ ‘ಎ’ ಕಂಡಿಕೆ ಸಿಗುತ್ತದೆ.

ಅದೇ ಹುಡುಗಿ ನಾಲ್ಕನೇ ತರಗತಿ ಮುಗಿಸಿ ಹೊರಟಿದ್ದರೆ ಆರೇ ವರ್ಷ. ಒಂದು ವರ್ಷದ ಕೊರತೆ. ಇಲ್ಲಿ ಉಳಿಯುವ ದಾರಿ ‘ಬಿ’ ಕಂಡಿಕೆ. ಪ್ರಥಮ ಮತ್ತು ದ್ವಿತೀಯ ಪಿಯುಸಿ, ಅಂದರೆ 11 ಮತ್ತು 12 ಎರಡನ್ನೂ ಕರ್ನಾಟಕದಲ್ಲೇ ಓದಿ ಪಾಸಾಗಿದ್ದು, ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರು ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದರೆ ಈ ಕಂಡಿಕೆಯಲ್ಲಿ ಅವಕಾಶವಿದೆ. ಊರಿನಲ್ಲೇ ಓದಿ ಬೆಳೆದು ಹೊರದೇಶಕ್ಕೆ ಹೋದ ಪೋಷಕರ ಮಕ್ಕಳಿಗೆ ಇದು ನಿಜವಾಗಿಯೂ ಉಪಯೋಗಕ್ಕೆ ಬರುವ ಕಂಡಿಕೆ. ಹೊರದೇಶದಲ್ಲೇ ಹುಟ್ಟಿ ಹತ್ತನೇ ತರಗತಿವರೆಗೆ ಅಲ್ಲಿಯೇ ಓದಿದ ಮಗುವೂ ಪಿಯುಸಿಗೆ ಸರಿಯಾಗಿ ಊರಿಗೆ ಬಂದರೆ ಇದರಡಿ ಅರ್ಹತೆ ಪಡೆಯಬಹುದು. ಆದರೆ 11ನ್ನು ಅಲ್ಲಿ ಮುಗಿಸಿ 12ಕ್ಕೆ ಮಾತ್ರ ಬಂದರೆ ಪ್ರಯೋಜನವಿಲ್ಲ. ‘ಇನ್ನೊಂದು ವರ್ಷ ಅಲ್ಲೇ ಇರಲಿ’ ಎಂದು ಮುಂದೂಡುವ ಮುನ್ನ ಈ ಮಾತು ನೆನಪಿರಲಿ.

ಮೂರನೆಯ ಉದಾಹರಣೆ ಇದಕ್ಕೆ ತಿರುಗುಮುರುಗು. ಪಿರಿಯಾಪಟ್ಟಣದಲ್ಲಿ ಒಂದರಿಂದ ಹತ್ತರವರೆಗೆ ಓದಿ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗ 11, 12ನ್ನು ದುಬೈನಲ್ಲಿ ಓದುತ್ತಾನೆ. ಹತ್ತು ವರ್ಷ ಇಲ್ಲಿ ಆಗಿದೆ, ಎಸ್ಸೆಸ್ಸೆಲ್ಸಿಯೂ ಇಲ್ಲಿಯದೇ. 12ನೇ ತರಗತಿ ಹೊರದೇಶದ್ದಾದರೂ ‘ಎ’ ಕಂಡಿಕೆಯ ಷರತ್ತು ಪೂರೈಸಿದಂತಾಯಿತು. ‘ಪಿಯುಸಿ ಹೊರಗೆ ಮಾಡಿದ, ಇನ್ನು ಸಿಇಟಿ ಇಲ್ಲ’ ಎಂದು ಊರಿನಲ್ಲಿ ಹೇಳುವವರ ಮಾತು ನಂಬಿ ಅರ್ಜಿಯನ್ನೇ ಹಾಕದೆ ಬಿಡಬಾರದು. ಮೆಡಿಕಲ್, ಡೆಂಟಲ್ ಸೀಟುಗಳ ಅರ್ಹತೆಯನ್ನು ಮಾತ್ರ ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಪ್ರತ್ಯೇಕವಾಗಿ ಓದಿಕೊಳ್ಳಬೇಕು.

ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷದ ಓದು ಬೇಕು. ಮಧ್ಯದಲ್ಲಿ ಎರಡು ವರ್ಷ ಹೊರದೇಶಕ್ಕೆ ಹೋಗಿ ಬಂದ ಮಗುವಿಗೆ ಇವೆರಡೂ ಸಿಗುವುದಿಲ್ಲ.

ಸಿಬಿಎಸ್‌ಇ ಆದರೆ ಬೇರೆ, ಕೇಂಬ್ರಿಡ್ಜ್ ಆದರೆ ಬೇರೆ

ಗಲ್ಫ್ ದೇಶಗಳಲ್ಲಿರುವ ನಮ್ಮವರ ಮಕ್ಕಳು ಬಹಳಷ್ಟು ಮಂದಿ ‘ಇಂಡಿಯನ್ ಸ್ಕೂಲ್’ಗಳಲ್ಲಿ ಓದುತ್ತಾರೆ. ಅಲ್ಲಿ ಸಿಬಿಎಸ್‌ಇ ಪಠ್ಯಕ್ರಮವಿದ್ದರೆ ಅದು ಹೊರದೇಶದ ಸರ್ಟಿಫಿಕೇಟೇ ಅಲ್ಲ. ಮಂಡಳಿ ಭಾರತದ್ದು, ಸಮಾನತೆ ಪತ್ರದ ಅಗತ್ಯವಿಲ್ಲ. ಹಾಗೆಂದು ದುಬೈನ ಸಿಬಿಎಸ್‌ಇ ಶಾಲೆಯ ವರ್ಷಗಳನ್ನು ಕರ್ನಾಟಕದ ಏಳು ವರ್ಷಕ್ಕೆ ಸೇರಿಸಲು ಬರುವುದಿಲ್ಲ. ಅಲ್ಲಿ ಮುಖ್ಯವಾಗುವುದು ಮಂಡಳಿಯಲ್ಲ, ಶಾಲೆ ಇರುವ ಜಾಗ.

ಪರೀಕ್ಷೆಯ ದೃಷ್ಟಿಯಿಂದಲೂ ಸಿಬಿಎಸ್‌ಇ ಮಕ್ಕಳಿಗೆ ತೊಂದರೆ ಕಡಿಮೆ. ಕರ್ನಾಟಕದ ಪಿಯುಸಿ ವಿಜ್ಞಾನ ವಿಷಯಗಳಿಗೆ 2012-13ರಿಂದ ಎನ್‌ಸಿಇಆರ್‌ಟಿ ಪಠ್ಯವೇ ಬಂದಿದೆ. ಸಿಇಟಿಯ ಪ್ರಶ್ನೆಗಳು ಪ್ರಥಮ, ದ್ವಿತೀಯ ಪಿಯುಸಿ ಪಠ್ಯದ ಮೇಲೆ ಇರುತ್ತವೆ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ವಿವರಣಾತ್ಮಕ ಉತ್ತರ, ಪ್ರಯೋಗ, ಯೋಜನಾ ಬರಹಗಳಲ್ಲಿ ಪಳಗಿದ ಐಬಿ ಅಥವಾ ಕೇಂಬ್ರಿಡ್ಜ್ ವಿದ್ಯಾರ್ಥಿಗೆ ಈ ವೇಗ ಹೊಸದು. ವಿಷಯ ಗೊತ್ತಿದ್ದರೂ 80 ಸೆಕೆಂಡಿಗೊಂದು ಪ್ರಶ್ನೆ ಮುಗಿಸುವ ಅಭ್ಯಾಸಕ್ಕೆ ತಿಂಗಳುಗಳೇ ಬೇಕು.

ಕೇಂಬ್ರಿಡ್ಜ್ ಎ ಲೆವೆಲ್, ಐಬಿ ಡಿಪ್ಲೊಮಾ, ಅಮೆರಿಕದ ಹೈಸ್ಕೂಲ್ ಡಿಪ್ಲೊಮಾಗಳಿಗೆ ಸಮಾನತೆ ಪತ್ರ ಬೇಕಾಗುತ್ತದೆ. ಇದನ್ನು ಬಹುಕಾಲದಿಂದ ಕೊಡುತ್ತ ಬಂದಿರುವುದು ದೆಹಲಿಯ ಭಾರತೀಯ ವಿಶ್ವವಿದ್ಯಾಲಯಗಳ ಸಂಘ (ಎಐಯು). ಐಬಿ ಡಿಪ್ಲೊಮಾವನ್ನು ಅದು 1983ರಿಂದಲೇ ಹನ್ನೆರಡನೇ ತರಗತಿಗೆ ಸಮವೆಂದು ಒಪ್ಪಿದೆ. 2025ರ ಏಪ್ರಿಲ್‌ನಲ್ಲಿ ಯುಜಿಸಿ ಕೂಡ ಹೊರದೇಶದ ವಿದ್ಯಾರ್ಹತೆಗಳ ಮಾನ್ಯತೆ ಮತ್ತು ಸಮಾನತೆಗೆ ಹೊಸ ನಿಯಮಾವಳಿ ಹೊರಡಿಸಿದೆ. ಆದ್ದರಿಂದ ಹಳೆಯ ವರ್ಷ ಅಣ್ಣನಿಗೆ ನಡೆದದ್ದು ಈ ವರ್ಷ ತಮ್ಮನಿಗೂ ನಡೆಯುತ್ತದೆ ಎಂದುಕೊಳ್ಳದೆ, ಆ ವರ್ಷದ ಕೆಇಎ ಪುಸ್ತಿಕೆಯಲ್ಲಿ ಯಾರ ಪತ್ರವನ್ನು ಕೇಳಿದ್ದಾರೋ ಅದನ್ನೇ ತರಬೇಕು.

ಸಮಾನತೆ ಪತ್ರಕ್ಕೆ 12ನೇ ತರಗತಿಯ ಸರ್ಟಿಫಿಕೇಟು ಮಾತ್ರ ಸಾಲುವುದಿಲ್ಲ. ಕೇಂಬ್ರಿಡ್ಜ್ ಮಕ್ಕಳು 10ನೇ ತರಗತಿಯ ಐಜಿಸಿಎಸ್‌ಇಯಲ್ಲಿ ಪಾಸಾದ ವಿಷಯಗಳನ್ನೂ ತೋರಿಸಬೇಕು. ಹತ್ತನೆಯದನ್ನು ಅಲ್ಲಿ ಮುಗಿಸಿ ಮೈಸೂರಿನಲ್ಲಿ ಪ್ರಥಮ ಪಿಯುಸಿ ಸೇರುವವರಿಗೂ ಪದವಿಪೂರ್ವ ಶಿಕ್ಷಣ ಇಲಾಖೆಯಿಂದ ಅರ್ಹತಾ ಪತ್ರ ಬೇಕಾಗುತ್ತದೆ. ಪ್ರವೇಶದ ಸಮಯದಲ್ಲೇ ಕಾಲೇಜಿನ ಕಚೇರಿಯಲ್ಲಿ ಕೇಳಿ ಮುಗಿಸಿಕೊಳ್ಳುವುದು ಲೇಸು.

ದಾಖಲೆಗಳ ದೃಢೀಕರಣದಲ್ಲಿ ದೇಶಕ್ಕೊಂದು ಕ್ರಮ. ಅಮೆರಿಕ, ಒಮಾನ್, ಬಹ್ರೇನ್‌ನಂಥ ದೇಶಗಳು ಹೇಗ್ ಒಪ್ಪಂದದಲ್ಲಿರುವುದರಿಂದ ಅಲ್ಲಿಯ ‘ಅಪೊಸ್ಟೈಲ್’ ಮುದ್ರೆ ಇಲ್ಲಿ ನಡೆಯುತ್ತದೆ. ಒಪ್ಪಂದದಲ್ಲಿಲ್ಲದ ದೇಶಗಳ ಸರ್ಟಿಫಿಕೇಟಿಗೆ ಅಲ್ಲಿಯ ಸರ್ಕಾರ ಮತ್ತು ಭಾರತೀಯ ರಾಯಭಾರ ಕಚೇರಿಯ ಸಹಿ ಹಾಕಿಸಬೇಕು. ಸಾಮಾನು ಪ್ಯಾಕು ಮಾಡಿ ವಿಮಾನ ಹತ್ತಿದ ಮೇಲೆ ಇದನ್ನು ಹುಣಸೂರಿನಿಂದ ಮಾಡಿಸುವುದು ಪ್ರಯಾಸದ ಕೆಲಸ. ಶಾಲೆ ಬಿಡುವ ಮೊದಲೇ ಆಗಬೇಕು.

ವಿಷಯದ ಆಯ್ಕೆಯಲ್ಲಿ ಆಗುವ ಎಡವಟ್ಟು

ಸರ್ಟಿಫಿಕೇಟು ಸಮವೆಂದು ಒಪ್ಪಿದರೂ ವಿಷಯಗಳು ಹೊಂದದಿದ್ದರೆ ಸೀಟಿಲ್ಲ. ನಮ್ಮ ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡ ಮಗುವಿಗೆ ಎಂಜಿನಿಯರಿಂಗ್, ಮೆಡಿಕಲ್ ಎರಡೂ ಬಾಗಿಲು ತೆರೆದಿರುತ್ತವೆ. ಎ ಲೆವೆಲ್‌ನಲ್ಲಿ ಮಕ್ಕಳು ಸಾಮಾನ್ಯವಾಗಿ ಮೂರೇ ವಿಷಯ ಆರಿಸಿಕೊಳ್ಳುತ್ತಾರೆ. ಭೌತಶಾಸ್ತ್ರ, ಗಣಿತ, ಅರ್ಥಶಾಸ್ತ್ರ ಎಂದು ಆರಿಸಿದ ಮಗು ಇಲ್ಲಿಗೆ ಬಂದು ನೀಟ್ ಬರೆಯಲಾಗದು. ಎಂಬಿಬಿಎಸ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನ, ಜೊತೆಗೆ ಇಂಗ್ಲಿಷ್ ಬೇಕೇ ಬೇಕು. ಈ ವಿಷಯದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ಸ್ವಲ್ಪ ಸಡಿಲಿಕೆ ಕೊಟ್ಟಿದೆ: 12 ಮುಗಿಸಿದ ಮೇಲೆ ಮಾನ್ಯ ಮಂಡಳಿಯಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರೂ ನೀಟ್ ಬರೆಯಬಹುದು. ಆದರೂ ಅದು ಒಂದು ವರ್ಷ ಹೆಚ್ಚು ಕಳೆಯುವ ದಾರಿಯೇ.

ಅಂಕಗಳ ಸಮಸ್ಯೆ ಇನ್ನೊಂದು. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅಂಕ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ. ಎ ಲೆವೆಲ್ ಸರ್ಟಿಫಿಕೇಟಿನಲ್ಲಿ ಇರುವುದು ಎ, ಬಿ ಎಂಬ ದರ್ಜೆ. ಐಬಿಯಲ್ಲಿ ಏಳಕ್ಕೆ ಇಷ್ಟು ಎಂಬ ಅಂಕ. ಇವನ್ನು ಶೇಕಡಾವಾರು ಅಂಕವಾಗಿ ತೋರಿಸುವ ಪತ್ರವನ್ನು ಶಾಲೆಯಿಂದ ಅಥವಾ ಮಂಡಳಿಯಿಂದ ಮೊದಲೇ ಪಡೆದಿಟ್ಟುಕೊಳ್ಳಬೇಕು.

ದಿನಾಂಕಗಳೂ ಹೊಂದುವುದಿಲ್ಲ. ನೀಟ್ ನಡೆಯುವುದು ಮೇ ಮೊದಲ ವಾರದಲ್ಲಿ. 2024ರಲ್ಲಿ ಮೇ 5ಕ್ಕೆ, 2025ರಲ್ಲಿ ಮೇ 4ಕ್ಕೆ ನಡೆಯಿತು. ಐಬಿ ಮತ್ತು ಎ ಲೆವೆಲ್‌ನ ಅಂತಿಮ ಪರೀಕ್ಷೆಗಳೂ ಅದೇ ಮೇ ತಿಂಗಳಲ್ಲಿ. ಐಬಿ ಫಲಿತಾಂಶ ಜುಲೈ ಮೊದಲ ವಾರ ಬಂದರೆ, ಎ ಲೆವೆಲ್ ಮೇ-ಜೂನ್ ಪರೀಕ್ಷೆಯ ಫಲಿತಾಂಶ ಆಗಸ್ಟ್‌ವರೆಗೆ ಕಾಯಿಸುತ್ತದೆ. ಅಷ್ಟರಲ್ಲಿ ಇಲ್ಲಿ ಸೀಟು ಹಂಚಿಕೆ ಶುರುವಾಗಿರುತ್ತದೆ. ಕೇಂಬ್ರಿಡ್ಜ್‌ಗೆ ಅಕ್ಟೋಬರ್-ನವೆಂಬರ್ ಪರೀಕ್ಷೆಯೂ ಇದೆ, ಫಲಿತಾಂಶ ಜನವರಿಯಲ್ಲಿ ಬರುತ್ತದೆ. ಕರ್ನಾಟಕಕ್ಕೆ ಬರುವುದು ಖಚಿತವಾದ ಮಕ್ಕಳು ಅದನ್ನು ಆರಿಸಿಕೊಂಡರೆ ಈ ಗಡಿಬಿಡಿ ತಪ್ಪುತ್ತದೆ.

ನೀಟ್‌ಗೆ ಹೊರದೇಶದಲ್ಲಿ ಕೇಂದ್ರಗಳು ಸಿಗಲು ಶುರುವಾದದ್ದು ಇತ್ತೀಚೆಗೆ. 2020ರ ಕೊರೊನಾ ಕಾಲದಲ್ಲಿ ಗಲ್ಫ್‌ನಲ್ಲಿ ಕೇಂದ್ರ ಕೊಡಿ ಎಂದು ಪೋಷಕರು ಸುಪ್ರೀಂ ಕೋರ್ಟ್‌ವರೆಗೆ ಹೋದರೂ ಆ ವರ್ಷ ಸಿಗಲಿಲ್ಲ; ವಂದೇ ಭಾರತ್ ವಿಮಾನ ಹಿಡಿದು ಬರಬೇಕಾಯಿತು. 2021ರಲ್ಲಿ ಕುವೈತ್ ಮತ್ತು ದುಬೈ ಸೇರಿದವು, 2022ರಲ್ಲಿ ಹೊರದೇಶದ 14 ನಗರಗಳಾದವು. ಸಿಇಟಿಯನ್ನು ಮಾತ್ರ ಕರ್ನಾಟಕಕ್ಕೆ ಬಂದೇ ಬರೆಯಬೇಕು.

ಒಸಿಐ ಕಾರ್ಡಿನ ಮಕ್ಕಳು

ಅಮೆರಿಕದಲ್ಲಿ ಹುಟ್ಟಿ ಅಲ್ಲಿಯ ಪಾಸ್‌ಪೋರ್ಟ್ ಇರುವ, ಒಸಿಐ ಕಾರ್ಡ್ ಪಡೆದ ಮಕ್ಕಳ ಸ್ಥಿತಿ ಬೇರೆ. ಇಲ್ಲಿ ಕರ್ನಾಟಕದ್ದೇ ಪ್ರಕರಣವಿದೆ. ಒಸಿಐ ಕಾರ್ಡ್‌ನ ವಿದ್ಯಾರ್ಥಿಗಳು ಕರ್ನಾಟಕ ಹೈಕೋರ್ಟಿಗೆ ಹೋದಾಗ, ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಅವರನ್ನು ಭಾರತೀಯ ವಿದ್ಯಾರ್ಥಿಗಳಂತೆಯೇ ಕಾಣಬೇಕು ಎಂದು 2020ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಸಂಭ್ರಮ ಮೂರು ತಿಂಗಳೂ ಉಳಿಯಲಿಲ್ಲ. 2021ರ ಮಾರ್ಚ್ 4ರಂದು ಕೇಂದ್ರ ಗೃಹ ಸಚಿವಾಲಯ ಅಧಿಸೂಚನೆ ಹೊರಡಿಸಿ, ನೀಟ್, ಜೆಇಇ ಮುಂತಾದ ಪರೀಕ್ಷೆಗಳ ಮೂಲಕ ಒಸಿಐ ಅಭ್ಯರ್ಥಿಗಳಿಗೆ ಎನ್‌ಆರ್‌ಐ ಸೀಟು ಅಥವಾ ಹೆಚ್ಚುವರಿ ಸೀಟು ಮಾತ್ರ ಎಂದಿತು. ಇಲ್ಲೇ ಓದಿ ಬೆಳೆದಿದ್ದ ಮಕ್ಕಳೂ ಒಂದೇ ದಿನದಲ್ಲಿ ಹೊರಗಿನವರಾದರು.

ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 2023ರ ಫೆಬ್ರುವರಿ 3ರಂದು ತೀರ್ಪಾಯಿತು. ಅಧಿಸೂಚನೆ ಹೊರಡಿಸಲು ಸರ್ಕಾರಕ್ಕೆ ಅಧಿಕಾರವಿದೆ, ಆದರೆ ಅದು ಮುಂದಕ್ಕೆ ಮಾತ್ರ ಅನ್ವಯ. 2021ರ ಮಾರ್ಚ್ 4ಕ್ಕೆ ಮೊದಲೇ ಒಸಿಐ ಕಾರ್ಡ್ ಪಡೆದವರಿಗೆ ಹಿಂದಿನಂತೆಯೇ ಸಾಮಾನ್ಯ ಸೀಟಿಗೆ ಸ್ಪರ್ಧಿಸುವ ಹಕ್ಕು ಉಳಿಯುತ್ತದೆ ಎಂಬುದು ಅದರ ಸಾರ. ಹಾಗಾಗಿ ಮಗುವಿನ ಕಾರ್ಡಿನ ಮೇಲಿನ ದಿನಾಂಕವನ್ನು ಮೊದಲು ನೋಡಬೇಕು. ಕಾರ್ಡು ನವೀಕರಿಸಿದ್ದರೆ ಹಳೆಯ ಕಾರ್ಡಿನ ಪ್ರತಿಯನ್ನು ಎಸೆಯಬಾರದು, ಮೊದಲ ನೋಂದಣಿಯ ದಾಖಲೆಯೇ ಅದು. ಕಾರ್ಡು ಹಳೆಯದಾದರೂ ರಾಜ್ಯದ ಸೀಟಿಗೆ ಮೇಲೆ ಹೇಳಿದ ಓದಿನ ವರ್ಷಗಳ ಷರತ್ತು ಇದ್ದೇ ಇದೆ.

ಏಳು ವರ್ಷವೂ ಇಲ್ಲ, ಪಿಯುಸಿಯೂ ಇಲ್ಲಿಯದಲ್ಲ ಎಂಬ ಮಕ್ಕಳಿಗೆ ಉಳಿಯುವುದು ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಾಮೆಡ್-ಕೆ, ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯಗಳ ಸ್ವಂತ ಪರೀಕ್ಷೆ, ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ, ಮತ್ತು ಜೆಇಇ ಮೇನ್. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಹೊರದೇಶದಲ್ಲಿ ಓದಿದವರಿಗಾಗಿಯೇ ‘ದಾಸಾ’ ಎಂಬ ಯೋಜನೆಯಡಿ ಸೀಟುಗಳಿವೆ. ಮೊದಲು ಇದಕ್ಕೆ ಅಮೆರಿಕದ ಸ್ಯಾಟ್ ವಿಷಯ ಪರೀಕ್ಷೆಯ ಅಂಕ ಕೇಳುತ್ತಿದ್ದರು. ಆ ಪರೀಕ್ಷೆ 2021ರಲ್ಲಿ ನಿಂತುಹೋದ ಮೇಲೆ ಜೆಇಇ ಮೇನ್ ರ‍್ಯಾಂಕೇ ಆಧಾರ. ಭಾರತೀಯ ಪಾಸ್‌ಪೋರ್ಟಿನ ಮಗು ಇದಕ್ಕೆ ಅರ್ಹವಾಗಲು 11 ಮತ್ತು 12ನ್ನು ಹೊರದೇಶದಲ್ಲೇ ಓದಿರಬೇಕು. ಗಲ್ಫ್‌ನಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ ಇದರಲ್ಲೇ ಕಡಿಮೆ ಶುಲ್ಕದ ಪ್ರತ್ಯೇಕ ವಿಭಾಗವಿದೆ. ‘ಬಿ’ ಕಂಡಿಕೆಗೆ ಎರಡೂ ವರ್ಷ ಇಲ್ಲಿ ಓದಬೇಕು, ದಾಸಾಗೆ ಎರಡೂ ವರ್ಷ ಅಲ್ಲಿ ಓದಬೇಕು. ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಕುಟುಂಬ ಯಾವುದೋ ಒಂದನ್ನು ನಿರ್ಧರಿಸಲೇಬೇಕು.

ಎನ್‌ಆರ್‌ಐ ಕೋಟಾದ ಬಗ್ಗೆ ‘ಚಿಕ್ಕಪ್ಪ ದುಬೈನಲ್ಲಿದ್ದಾರಲ್ಲ, ಅವರ ಹೆಸರಿನಲ್ಲಿ ಹಾಕೋಣ’ ಎನ್ನುವ ಮಾತು ಊರಿನಲ್ಲಿ ಕೇಳಿಬರುತ್ತದೆ. ಪಂಜಾಬ್ ಸರ್ಕಾರ ಹೀಗೆ ಚಿಕ್ಕಪ್ಪ, ಅತ್ತೆ, ಮಾವಂದಿರ ಸಂಬಂಧವನ್ನೂ ಎನ್‌ಆರ್‌ಐ ಕೋಟಾಕ್ಕೆ ಸೇರಿಸಿದಾಗ ಅಲ್ಲಿಯ ಹೈಕೋರ್ಟ್ ರದ್ದು ಮಾಡಿತು. 2024ರ ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟ್ ಸರ್ಕಾರದ ಮೇಲ್ಮನವಿಯನ್ನು ಕಟುವಾದ ಮಾತುಗಳಲ್ಲಿ ತಳ್ಳಿಹಾಕಿತು. ಮಧ್ಯವರ್ತಿಗಳ ಮಾತು ಕೇಳಿ ಮುಂಗಡ ಕೊಡುವವರು ಇದನ್ನು ತಿಳಿದಿರಬೇಕು.

ತಾಲ್ಲೂಕು ಕಚೇರಿಯಲ್ಲಿ ಆಗಬೇಕಾದ ಕೆಲಸ

ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು ಪ್ರವರ್ಗ 3ಬಿಯಲ್ಲಿದ್ದಾರೆ. ಶ್ವೇತಾಂಬರ ಕುಟುಂಬಗಳ ಮಕ್ಕಳು ಸಾಮಾನ್ಯ ವರ್ಗದಲ್ಲೇ ಅರ್ಜಿ ಹಾಕಬೇಕಾಗುತ್ತದೆ. 3ಬಿ ಕೇಳುವವರು ತಹಶೀಲ್ದಾರರಿಂದ ನಮೂನೆ ‘ಎಫ್’ನಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಪಡೆದು ಅದರ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಬೇಕು. ಆದಾಯದ ಮಿತಿ ಇದೆ, ಹೊರದೇಶದ ಸಂಬಳವೂ ಆದಾಯವೇ.

ಪ್ರಮಾಣಪತ್ರದಲ್ಲಿ ಸಿಕ್ಕಿಹಾಕಿಕೊಳ್ಳುವುದು ಹೆಸರಿನಿಂದ. ಹೊರದೇಶದ ಶಾಲೆಯ ಟಿಸಿಯಲ್ಲಿ ಜಾತಿಯ ಕಾಲಂ ಇರುವುದಿಲ್ಲ, ಆದ್ದರಿಂದ ತಂದೆಯ ಶಾಲಾ ದಾಖಲೆಯೇ ಆಧಾರ. ಅದರಲ್ಲಿ ಬರಿಯ ‘ಜೈನ’ ಎಂದಿರಬಹುದು, ಅಥವಾ ಧರ್ಮ ‘ಹಿಂದೂ’ ಎಂದು ಮೇಷ್ಟ್ರು ಬರೆದಿರಬಹುದು. ತಂದೆಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಉದ್ದ ಹೆಸರು, ಮಗುವಿನ ಹೆಸರಿನ ಮುಂದೆ ಹೊಸದಾಗಿ ಸೇರಿದ ‘ಜೈನ್’ – ಒಂದೇ ಕುಟುಂಬದಲ್ಲಿ ಮೂರು ಬಗೆ. ಪರಿಶೀಲನೆಯ ಮೇಜಿನ ಮುಂದೆ ನಿಂತಾಗ ಇದನ್ನು ವಿವರಿಸುವುದಕ್ಕಿಂತ, ಒಂದೆರಡು ವರ್ಷ ಮೊದಲೇ ದಾಖಲೆಗಳನ್ನು ಒಟ್ಟಿಗಿಟ್ಟು ನೋಡಿ ಸರಿಪಡಿಸುವುದು ಸುಲಭ.

‘ಬಿ’ ಕಂಡಿಕೆಯಲ್ಲಿ ಬರುವವರಿಗೆ ತಂದೆ ಅಥವಾ ತಾಯಿ ಓದಿದ ಏಳು ವರ್ಷದ ವ್ಯಾಸಂಗ ಪ್ರಮಾಣಪತ್ರವೇ ಪ್ರಾಣ. ಓದಿದ ಶಾಲೆಯ ಮುಖ್ಯೋಪಾಧ್ಯಾಯರು ಬರೆದುಕೊಟ್ಟು, ಆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುಸಹಿ ಹಾಕಬೇಕು. ತಾಯಿಯ ತವರು ಎಚ್.ಡಿ. ಕೋಟೆ ತಾಲ್ಲೂಕು, ತಂದೆಯ ಊರು ಕೆ.ಆರ್. ನಗರದ ಕಡೆ ಎಂದಾದರೆ ಇಬ್ಬರಲ್ಲಿ ಯಾರ ದಾಖಲೆ ಬೇಗ ಸಿಗುತ್ತದೋ ಅದನ್ನು ಹಿಡಿದರೆ ಸಾಕು. ಪ್ರಾಥಮಿಕ ಶಾಲೆ ಒಂದು ಊರಿನಲ್ಲಿ, ಹೈಸ್ಕೂಲು ಇನ್ನೊಂದು ಊರಿನಲ್ಲಿ ಆಗಿದ್ದರೆ ಎರಡು ಪತ್ರ ಬೇಕಾಗುತ್ತದೆ. ಮೂವತ್ತು ವರ್ಷ ಹಿಂದಿನ ದಾಖಲಾತಿ ಪುಸ್ತಕ ಹುಡುಕಿಸಬೇಕು. ಶಾಲೆ ಮುಚ್ಚಿದ್ದರೆ ಅದರ ಪುಸ್ತಕಗಳು ಎಲ್ಲಿವೆ ಎಂದು ಬಿಇಒ ಕಚೇರಿಯಲ್ಲೇ ವಿಚಾರಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗಳಿಗೆ ರಜೆ, ಕೊಡುವವರು ಊರಲ್ಲಿರುವುದಿಲ್ಲ. ಹೊರದೇಶದಿಂದ ಡಿಸೆಂಬರ್ ರಜೆಗೆ ಬಂದವರು ಶಾಲೆ ನಡೆಯುವ ದಿನ ನೋಡಿ, ಹಳೆಯ ಅಂಕಪಟ್ಟಿಯ ಪ್ರತಿಯನ್ನು ಕೈಯಲ್ಲಿಟ್ಟುಕೊಂಡು ಹೋದರೆ ದಾಖಲಾತಿ ಸಂಖ್ಯೆ ಹುಡುಕುವುದು ಸಲೀಸಾಗುತ್ತದೆ.